ತೀರ್ಪಿನ ಸುದ್ದಿ ಜೊತೆ ಕಾನೂನಿನ ಸಾಲನ್ನೂ ಹಾಕಿ

ಸಂಪಾದಕರೇ,

ದೊಡ್ಡ ತೀರ್ಪು ಬಂದಾಗೆಲ್ಲ ‘ಜಡ್ಜ್ ಕಾನೂನನ್ನೇ ತಿರುಚಿದರು’ ಅಂತ ಯಾರಾದರೂ ಬರೆಯುತ್ತಾರೆ. ಅಲ್ಲಿ ಬರೆದಿರುವುದು ಕಣ್ಣೆದುರಿಗೇ ಇದೆಯಲ್ಲ, ಅದಕ್ಕೆ ಮತ್ತೆ ಅರ್ಥ ಹುಡುಕುವುದು ಏಕೆ ಅಂತ ಅವರ ಪ್ರಶ್ನೆ. ಆದರೆ ಬರೆದಿದ್ದನ್ನು ಓದುವುದೇ ಕಷ್ಟದ ಕೆಲಸ.

ಇಂಗ್ಲೆಂಡಿನ 1964ರ ಒಂದು ಕೇಸ್ ನೋಡಿ. ನಿಷೇಧಿತ ಜಾಗದ ‘ಆಸುಪಾಸಿನಲ್ಲಿ’ ಕಾವಲಿನವರಿಗೆ ಅಡ್ಡಿ ಮಾಡಿದರೆ ಅಪರಾಧ ಅಂತ ಕಾನೂನಿತ್ತು. ಒಬ್ಬ ವಾಯುಪಡೆಯ ನೆಲೆಯ ಒಳಗೇ ಹೋಗಿ ಅಡ್ಡಿ ಮಾಡಿದ. ನಾನಿದ್ದದ್ದು ಒಳಗೆ, ಆಸುಪಾಸಿನಲ್ಲಿ ಅಲ್ಲ ಅಂತ ಅವನ ವಾದ. ಹಾಗೆ ಓದಿದರೆ ಬೇಲಿಯ ಹೊರಗಿದ್ದವನಿಗೆ ಶಿಕ್ಷೆ, ಒಳಗೆ ನುಗ್ಗಿದವನಿಗೆ ಬಿಡುಗಡೆ. ಕೋರ್ಟ್ ಅದನ್ನು ಒಪ್ಪಲಿಲ್ಲ, ‘ಒಳಗೆ ಅಥವಾ ಆಸುಪಾಸಿನಲ್ಲಿ’ ಅಂತಲೇ ಓದಿಕೊಂಡಿತು. ಅದೇ ದೇಶದಲ್ಲಿ 1868ರಲ್ಲಿ, ಸತ್ತವನ ಹೆಸರಿನಲ್ಲಿ ವೋಟು ಹಾಕಲು ಹೋದವನು ಪಾರಾಗಿದ್ದ. ‘ಮತದ ಹಕ್ಕಿರುವ ವ್ಯಕ್ತಿ’ಯ ಸೋಗು ಹಾಕುವುದು ತಪ್ಪು, ಸತ್ತವನಿಗೆ ಹಕ್ಕೇ ಇಲ್ಲವಲ್ಲ ಅಂತ!

ಹಾಗಂತ ಉದ್ದೇಶ ನೋಡಿ ಏನು ಬೇಕಾದರೂ ಸೇರಿಸಬಹುದು ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಎನ್‌ರಾನ್ ಎಂಬ ದೊಡ್ಡ ಕಂಪನಿಯ ಲೆಕ್ಕಪತ್ರ ಹಗರಣದ ನಂತರ, ಕಂಪನಿಗಳು ಕಡತ ನಾಶ ಮಾಡುವುದನ್ನು ತಡೆಯಲು 2002ರಲ್ಲಿ ಕಾನೂನು ಬಂತು. ದಾಖಲೆ, ಕಾಗದಪತ್ರ ಅಥವಾ ‘ಕೈಗೆ ಸಿಗುವ ವಸ್ತು’ ತನಿಖೆಗೆ ಅಡ್ಡಿ ಮಾಡಲೆಂದು ನಾಶ ಮಾಡಿದರೆ 20 ವರ್ಷದವರೆಗೆ ಜೈಲು. ಅದೇ ಸೆಕ್ಷನ್ ಕೊನೆಗೆ ಒಬ್ಬ ಮೀನುಗಾರನ ಮೇಲೆ ಬಿತ್ತು, ಅಳತೆಗಿಂತ ಚಿಕ್ಕ ಮೀನುಗಳನ್ನು ಅಧಿಕಾರಿಯ ಮಾತು ಮೀರಿ ಸಮುದ್ರಕ್ಕೆ ಎಸೆಸಿದ ಅಂತ. ಮೀನು ಕೈಗೆ ಸಿಗುವ ವಸ್ತು ಹೌದಲ್ವಾ? ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೇಗನ್ ಹೌದು ಅಂದರು. ಅದೇ ಕೋರ್ಟಿನ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಪಕ್ಕದ ಪದಗಳನ್ನು ನೋಡಿ ಅಂದರು: ದಾಖಲೆ, ಕಾಗದಪತ್ರದ ಸಾಲಿನಲ್ಲಿ ಕೂತ ‘ವಸ್ತು’ ಅಂದರೆ ಮಾಹಿತಿ ಇಡುವ ವಸ್ತು, ಹಾರ್ಡ್ ಡಿಸ್ಕ್‌ನಂಥದ್ದು. 2015ರಲ್ಲಿ ಮೀನುಗಾರ ನ್ಯಾಯಮೂರ್ತಿಗಳ 5-4 ಬಹುಮತದಲ್ಲಿ ಗೆದ್ದ. ನನಗೂ ಅದೇ ಸರಿ ಅನ್ನಿಸುತ್ತದೆ. ಒಬ್ಬನನ್ನು ಜೈಲಿಗೆ ಕಳಿಸುವ ಪದಕ್ಕೆ ಎರಡು ಅರ್ಥ ಇದ್ದರೆ ಅನುಮಾನದ ಲಾಭ ಅವನಿಗೇ ಸಿಗಬೇಕು.

ಕೇಗನ್ ಅವರ ವಾದವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಯಾವುದು ಸರಿ ಅಂತ ಓದುಗ ತಾನೇ ತೂಗಬೇಕಾದರೆ ಆ ಸಾಲು ಅವನ ಮುಂದಿರಬೇಕು. ನಿಮ್ಮ ವರದಿಗಳಲ್ಲಿ ಯಾರು ಗೆದ್ದರು, ಯಾರು ಸೋತರು ಅನ್ನುವುದೇ ಜಾಸ್ತಿ. ಜಗಳ ಯಾವ ಪದದ ಮೇಲೆ ಅಂತ ಹುಡುಕಿದರೂ ಸಿಗುವುದಿಲ್ಲ. ದಯವಿಟ್ಟು ಮುಂದಿನ ತೀರ್ಪಿನ ಸುದ್ದಿಯಿಂದಲೇ ಆ ಸೆಕ್ಷನ್‌ನ ಸಾಲನ್ನು ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸ್ ಮಾಡಿ ಹಾಕಿ.

ಇಂತಿ,
ನಿಮ್ಮ ಓದುಗ