ಒಂಟಿ ನಾಯಿ ಸಾಕುವವರಿಗೆ ಇನ್ಯೂಟ್ ನಾಯಿ ಬೇಡ

ಮಾನ್ಯ ಸಂಪಾದಕರೇ,

ಹಿಮದ ಮೇಲೆ ಜಾರುಬಂಡಿ ಎಳೆಯುವ ಉತ್ತರ ಅಮೆರಿಕದ ಅಪರೂಪದ ನಾಯಿಗಳ ಮಾತು ಬಂದಾಗ ಚಿನೂಕ್ ಮತ್ತು ಕೆನಡಿಯನ್ ಇನ್ಯೂಟ್ ನಾಯಿ ಎಂಬ ಎರಡು ಹೆಸರು ಜೊತೆಜೊತೆಗೇ ಕೇಳಿಬರುತ್ತವೆ. ಎರಡರಲ್ಲೂ ಗಂಡುನಾಯಿ 30ರಿಂದ 40 ಕೆ.ಜಿ. ತೂಗುತ್ತದೆ. ಎರಡೂ ಭಾರ ಎಳೆಯಲೆಂದೇ ಬೆಳೆದವು, ಎರಡೂ ಅಳಿವಿನಂಚಿಗೆ ಹೋಗಿ ಬಂದವು. ಹೀಗಾಗಿ ಮರಿ ತರುವವರು ಕೊನೆಗೆ ಬಣ್ಣ, ಬಾಲ, ಕಿವಿ ನೋಡಿ ಆರಿಸುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಿಮ್ಮಲ್ಲಿ ಎಷ್ಟು ನಾಯಿಗಳಿಗೆ ಜಾಗವಿದೆ, ಎಷ್ಟಕ್ಕೆ ಕೆಲಸವಿದೆ? ಒಂದಕ್ಕೆ ಮಾತ್ರ ಎಂದಾದರೆ ಇನ್ಯೂಟ್ ನಾಯಿಯ ಆಸೆ ಬಿಟ್ಟುಬಿಡಿ.

ಚಿನೂಕ್ ನ್ಯೂ ಹ್ಯಾಂಪ್‌ಶೈರಿನ ಕಾಡುಸೀಮೆಯ ತಳಿ. ವೊನಾಲನ್ಸೆಟ್‌ನ ಆರ್ಥರ್ ವಾಲ್ಡನ್ ಅವರ ಬಳಿ 1917ರಲ್ಲಿ ಹುಟ್ಟಿದ ಚಿನೂಕ್ ಎಂಬ ಗಂಡುನಾಯಿಯೇ ಇದರ ಮೂಲ. ಅಮೆರಿಕದ ಅನ್ವೇಷಕ ರಿಚರ್ಡ್ ಬರ್ಡ್ ಅವರ ಅಂಟಾರ್ಕ್ಟಿಕಾ ಯಾತ್ರೆಗೆ ಹೋಗಿದ್ದ ಆ ನಾಯಿ 1929ರಲ್ಲಿ ಅಲ್ಲಿಯೇ ಕಣ್ಮರೆಯಾಯಿತು. 1981ರ ಹೊತ್ತಿಗೆ ಸಂತಾನಕ್ಕೆ ಯೋಗ್ಯವಾದ ಚಿನೂಕ್‌ಗಳು ಉಳಿದಿದ್ದದ್ದು 11 ಮಾತ್ರ. ಈಗಿನ ನಾಯಿಗಳ ಒಳ್ಳೆಯ ಗುಣವೂ ಕಾಯಿಲೆಯೂ ಬಹುಪಾಲು ಆ ಹನ್ನೊಂದರಿಂದಲೇ ಬಂದವು. ರಕ್ತ ತೀರಾ ಹತ್ತಿರವಾಗದಿರಲೆಂದು ಬೇರೆ ತಳಿಯ ಆಯ್ದ ನಾಯಿಗಳೊಂದಿಗೆ ಕೂಡಿಸುವ ಕಾರ್ಯಕ್ರಮವೂ ನಡೆದಿದೆ. ಅಂಥ ಮರಿಯನ್ನು ಕಲಬೆರಕೆ ಎಂದು ತಳ್ಳಿಹಾಕುವುದು ಅನ್ಯಾಯ. ತಳಿಗೆ ಇವತ್ತು ಬೇಕಿರುವುದೇ ಅದು.

ಚಿನೂಕ್ ಮನೆಯವರಿಗೆ ಅಂಟಿಕೊಂಡು ಬದುಕುವ ನಾಯಿ. ಒಂಟಿಯಾಗಿದ್ದರೂ ದಿನಕ್ಕೆ ಒಂದೆರಡು ಗಂಟೆ ಓಟವೋ ಎಳೆತವೋ ಸಿಕ್ಕರೆ ಮನೆಯೊಳಗೆ ಶಾಂತವಾಗಿ ಮಲಗುತ್ತದೆ. ನೋಡಿಕೊಳ್ಳಬೇಕಾದದ್ದು ಸೊಂಟದ ಕೀಲು ಮತ್ತು ಈ ತಳಿಯಲ್ಲಿ ಕಾಣುವ ಒಂದು ಬಗೆಯ ಸೆಳವು. ಸೆಳವು ಬಂದಾಗ ತಲೆ ನಡುಗುತ್ತದೆ, ಕಾಲು ಮಡಚಿಕೊಳ್ಳುತ್ತದೆ, ಎದ್ದು ನಿಲ್ಲಲಾಗುವುದಿಲ್ಲ; ಆದರೆ ಎಚ್ಚರ ತಪ್ಪುವುದಿಲ್ಲ, ಕಣ್ಣು ನಿಮ್ಮನ್ನೇ ನೋಡುತ್ತಿರುತ್ತದೆ. ಕೆಲವು ನಿಮಿಷದಿಂದ ಒಂದು ಗಂಟೆಯವರೆಗೂ ಇರಬಹುದು. ವೈದ್ಯರ ಬಳಿ ಹೋಗುವಷ್ಟರಲ್ಲಿ ನಾಯಿ ಏನೂ ಆಗದಂತೆ ಓಡಾಡುತ್ತಿರುತ್ತದೆ. ಆದ್ದರಿಂದ ಆಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮರಿ ತರುವಾಗ ತಂದೆ ತಾಯಿಯದಷ್ಟೇ ಅಲ್ಲ, ಅವುಗಳ ಒಡಹುಟ್ಟುಗಳಲ್ಲೂ ಇದು ಕಂಡಿತ್ತೇ ಎಂದು ವಿಚಾರಿಸಿ.

ಇನ್ಯೂಟ್ ನಾಯಿಯದು ಬೇರೆಯೇ ಲೋಕ. ಕೆನಲ್ ದಾಖಲೆಗಳಲ್ಲಿ ಇದಕ್ಕೆ ಇನ್ನೂ ಕೆನಡಿಯನ್ ಎಸ್ಕಿಮೊ ಡಾಗ್ ಎಂದೇ ಹೆಸರು. ಇದನ್ನು ಸಾಕಿಕೊಂಡು ಬಂದ, ಉತ್ತರ ಧ್ರುವಸೀಮೆಯ ಮೂಲನಿವಾಸಿಗಳಾದ ಇನ್ಯೂಟ್ ಜನ ಕರೆಯುವುದು ಕಿಮ್ಮಿಕ್ ಎಂದು. 1920ರ ದಶಕದಲ್ಲಿ ಕೆನಡಾದ ಉತ್ತರ ಧ್ರುವಪ್ರದೇಶದಲ್ಲಿ ಸುಮಾರು 20,000 ಇದ್ದವು. ಹಿಮ ಸ್ಕೂಟರ್ ಬಂತು, ಡಿಸ್ಟೆಂಪರ್ ರೋಗ ಬಂತು, ಪೊಲೀಸರು ಗುಂಡಿಕ್ಕಿ ಕೊಂದದ್ದೂ ಉಂಟು. ಆ ಹತ್ಯೆಗಾಗಿ ಕೆನಡಾ ಸರ್ಕಾರ 2019ರಲ್ಲಿ ಕ್ಷಮೆ ಕೇಳಿತು. 1970ರ ದಶಕದಲ್ಲಿ ಉತ್ತರ ಕೆನಡಾದ ಯೆಲ್ಲೊನೈಫ್‌ನಲ್ಲಿ ಅಳಿದುಳಿದ ನಾಯಿಗಳನ್ನು ಕೂಡಿಹಾಕಿ ತಳಿಯನ್ನು ಉಳಿಸಲಾಯಿತು. 2000ದಿಂದ ಇದು ಕೆನಡಾದ ಉತ್ತರದ ಪ್ರದೇಶ ನುನಾವುಟ್‌ನ ಅಧಿಕೃತ ಪ್ರಾಣಿ.

ಸಮುದ್ರದ ಮಂಜುಗಡ್ಡೆಯ ಮೇಲೆ ಇವನ್ನು ಬೀಸಣಿಗೆಯಂತೆ ಹರಡಿ ಕಟ್ಟುತ್ತಾರೆ, ಒಂದೊಂದು ನಾಯಿಗೂ ಬೇರೆ ಹಗ್ಗ. ತೆಳು ಗಡ್ಡೆಯ ಮೇಲೆ ಭಾರವೆಲ್ಲ ಒಂದೇ ಕಡೆ ಬೀಳುವುದಿಲ್ಲ, ಬಿರುಕು ಬಂದಲ್ಲಿ ಪ್ರತಿ ನಾಯಿಯೂ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಮರಗಳ ನಡುವೆ ಹೀಗೆ ಕಟ್ಟಿದರೆ ಹಗ್ಗ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕಾಡಿನಲ್ಲಿ ಜೋಡಿಜೋಡಿಯಾಗಿ ಕಟ್ಟುವುದು. ಹಿಂಡಿನಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬುದೇ ಈ ನಾಯಿಯ ಬದುಕು. ಒಂಟಿಯಾಗಿ ಹಿತ್ತಲಲ್ಲಿ ಬಿಟ್ಟರೆ ಊಳಿಡುತ್ತದೆ, ಬೇಲಿಯಡಿ ಮಣ್ಣು ತೋಡುತ್ತದೆ, ಸಿಕ್ಕ ಬೆಕ್ಕನ್ನು ಬೇಟೆಯೆಂದೇ ಹಿಡಿಯುತ್ತದೆ. ಅದು ಕೆಟ್ಟ ನಾಯಿಯಾದದ್ದಲ್ಲ, ಕೆಲಸವಿಲ್ಲದ ನಾಯಿಯಾದದ್ದು. ಕನಿಷ್ಠ ನಾಲ್ಕೈದರ ತಂಡ, ತಿಂಗಳುಗಟ್ಟಲೆ ಉಳಿಯುವ ಹಿಮ, ಆರಡಿ ಎತ್ತರದ, ಬುಡದಲ್ಲಿ ತಂತಿಬಲೆ ಹೂಳಿದ ಬೇಲಿ, ಊಳಿಗೆ ತಕರಾರು ಮಾಡದ ನೆರೆಹೊರೆ ಇಷ್ಟೂ ಇದ್ದರೆ ಮಾತ್ರ ಯೋಚಿಸಿ. ಊಟ ಹಾಕುವಾಗ ಒಂದಕ್ಕೊಂದು ಎಟುಕದಷ್ಟು ದೂರ ಇರಲಿ. ಕಚ್ಚಾಟ ಹೆಚ್ಚಾಗಿ ಶುರುವಾಗುವುದು ಅಲ್ಲೇ.

ಎರಡಕ್ಕೂ ಸೆಕೆಯೇ ಶತ್ರು. ಉಷ್ಣತೆ 10 ಡಿಗ್ರಿ ದಾಟಿದರೆ ಭಾರ ಎಳೆಸುವುದನ್ನು ಕಡಿಮೆ ಮಾಡಿ, 15 ದಾಟಿದರೆ ನಿಲ್ಲಿಸಿ. ಗಾಳಿಯಲ್ಲಿ ತೇವವಿದ್ದರೆ ಇನ್ನೂ ಮುಂಚೆಯೇ ನಿಲ್ಲಿಸಬೇಕು, ತೇಕಿದರೂ ಮೈ ಬಿಸಿ ಇಳಿಯುವುದಿಲ್ಲ. ತಂಪಾಗಲೆಂದು ಕೂದಲು ಬೋಳಿಸಬೇಡಿ: ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ, ಕೂದಲು ಮೊದಲಿನಂತೆ ಮತ್ತೆ ಬಾರದೆಯೂ ಹೋಗಬಹುದು.

ಒಂದು ವರ್ಷ ತುಂಬುವವರೆಗೆ ಭಾರ ಕಟ್ಟಬಾರದು, ಎಲುಬಿನ ತುದಿ ಇನ್ನೂ ಎಳಸು. ಮೊದಲು ಖಾಲಿ ಹಾರ್ನೆಸ್ (ಎಳೆಯಲು ಮೈಗೆ ತೊಡಿಸುವ ಪಟ್ಟಿ), ಆಮೇಲೆ ಸಣ್ಣ ಮರದ ತುಂಡು, ಹದಿನೈದು ನಿಮಿಷ ಸಾಕು. ಹಾರ್ನೆಸ್‌ನ ಎಳೆತ ಎದೆಯೆಲುಬಿನ ಮೇಲೆ ಬೀಳಬೇಕು. ಕೊರಳಿನ ಸುತ್ತ ಎರಡು ಬೆರಳು ತೂರಬೇಕು. ತೂರದಿದ್ದರೆ ನಾಯಿ ಕೆಮ್ಮುತ್ತಾ ಎಳೆಯುತ್ತದೆ, ಕ್ರಮೇಣ ಎಳೆಯುವುದನ್ನೇ ಬಿಡುತ್ತದೆ. ಹಿಮದಲ್ಲಿ ನಾಯಿಯ ಪಾದಕ್ಕೆ ತೊಡಿಸುವ ಕಾಲುಚೀಲದ ಪಟ್ಟಿಯನ್ನು ಬಿಗಿದರೆ ರಕ್ತ ಹರಿಯದೆ ಪಾದವೇ ಹೆಪ್ಪುಗಟ್ಟುತ್ತದೆ. ಓಟ ನಿಲ್ಲಿಸಿದ ಕೂಡಲೇ ಬಿಚ್ಚಿ, ಬೆರಳ ಸಂದಿನ ಹಿಮದ ಗಂಟನ್ನು ಕೈಯಿಂದಲೇ ಕರಗಿಸಿ.

ಮನೆಯಲ್ಲಿರುವ 30 ಕೆ.ಜಿ. ನಾಯಿಗೆ ದಿನಕ್ಕೆ 1,400 ಕ್ಯಾಲೊರಿ ಆಸುಪಾಸು ಸಾಕು. ಕೊರೆಯುವ ಚಳಿಯಲ್ಲಿ ದಿನವಿಡೀ ಎಳೆಯುವಾಗ ಅದರ ಮೂರ್ನಾಲ್ಕು ಪಟ್ಟು ಬೇಕಾಗುತ್ತದೆ, ಹೆಚ್ಚಿನ ಪಾಲು ಕೊಬ್ಬಿನಿಂದ. ಕೊಬ್ಬನ್ನು ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ, ಒಮ್ಮೆಲೇ ಕೊಟ್ಟರೆ ಭೇದಿ ಖಚಿತ. ಚಳಿಯಲ್ಲಿ ನಾಯಿ ಬರೀ ನೀರು ಕುಡಿಯಲು ಹಿಂಜರಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಚೂರು ಮಾಂಸ ಹಾಕಿದರೆ ತಳ ಕಾಣುವವರೆಗೆ ನೆಕ್ಕುತ್ತದೆ. ಓಟಕ್ಕೆ ಒಂದೆರಡು ಗಂಟೆ ಮುಂಚೆ ಇದನ್ನು ಕೊಡಿ, ಹೊಟ್ಟೆ ತುಂಬ ಊಟ ಓಟ ಮುಗಿದ ಮೇಲೆ.

ಇನ್ನು ಒಪ್ಪಂದದ ಮಾತು. ಸಂಖ್ಯೆ ಇಷ್ಟು ಕಡಿಮೆ ಇರುವ ತಳಿಗಳಲ್ಲಿ ಮರಿ ಕೊಡುವವರು ಆರು ತಿಂಗಳಿಗೇ ಸಂತಾನಹರಣ ಮಾಡಿಸಬೇಡಿ, ಎರಡು ವರ್ಷ ತುಂಬಿ ಸೊಂಟದ ಎಕ್ಸ್‌ರೇ ಫಲಿತಾಂಶ ಬರಲಿ ಎಂದು ಕೇಳುವುದುಂಟು. ಒಪ್ಪುವುದಾದರೆ ಹೆಣ್ಣುನಾಯಿ ಬೆದೆಗೆ ಬಂದಾಗಲೆಲ್ಲ ಮೂರು ವಾರ ಪ್ರತ್ಯೇಕ ಇಡುವ ವ್ಯವಸ್ಥೆ ಈಗಲೇ ಇರಬೇಕು. ಸಾಕಲಾಗದೆ ಹೋದರೆ ನಾಯಿ, ಅದಕ್ಕೆ ಎಷ್ಟೇ ವಯಸ್ಸಾಗಿದ್ದರೂ, ಕೊಟ್ಟವರ ಬಳಿಗೇ ಮರಳಬೇಕು ಎಂಬ ಸಾಲು ಒಪ್ಪಂದದಲ್ಲಿದೆಯೇ ನೋಡಿ. ಆ ಸಾಲು ಇಲ್ಲದಿದ್ದರೆ ಬರೆಸಿಕೊಂಡು ಆಮೇಲೆ ಸಹಿ ಮಾಡಿ.

– ಜಾರುಬಂಡಿ ನಾಯಿಗಳನ್ನು ಬಲ್ಲ ಕೆಲವು ಓದುಗರು