ನಿನ್ನ ಹೊಸ ಒಲೆಯ ಫೋಟೋ ನೋಡಿದೆ

ಪ್ರೀತಿಯ ಪುಟ್ಟಿಗೆ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನ್ಯೂಜೆರ್ಸಿಯಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಇದ್ದದ್ದೇ, ಅದರ ಸುದ್ದಿ ಬೇಡ.

ಭಾನುವಾರ ನೀನು ಕಳಿಸಿದ, ಹಿತ್ತಲಲ್ಲಿ ಉರಿಸುವ ದೊಡ್ಡ ಪ್ರೊಪೇನ್ ಗ್ಯಾಸಿನ ಒಲೆಯ ಫೋಟೋ ನೋಡಿದೆ. "ಮಾವ, ಕೊನೆಗೂ ತಗೊಂಡೆ! ಇನ್ಮೇಲೆ ಗೋಬಿ ಮಂಚೂರಿ ಅಂದ್ರೆ ನಮ್ಮನೆ" ಅಂತ ಬರೆದಿದ್ದೆ. ನಿನ್ನ ಅತ್ತೆಗೆ ಖುಷಿಯೋ ಖುಷಿ. ನಾನೂ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದೆ. ರಾತ್ರಿ ಮಲಗುವ ಮುಂಚೆ ಅದನ್ನೇ ದೊಡ್ಡದು ಮಾಡಿ ಇನ್ನೊಂದು ಸಲ ನೋಡಿದೆ. ಒಲೆ ಮರದ ಡೆಕ್ ಮೇಲಿದೆ, ಅದೇ ಹಿತ್ತಲ ಕಡೆಯ ಹಲಗೆ ಜಗಲಿ. ನೆತ್ತಿಯ ಮೇಲೆ ಪ್ಯಾಟಿಯೋ ಸೂರು. ಸಿಲಿಂಡರ್ ಒಲೆಯ ಕಾಲಿಗೆ ಅಂಟಿಕೊಂಡು ನಿಂತಿದೆ. ಮೂಲೆಯಲ್ಲಿ ನಿನ್ನ ಮಗನ ಪುಟ್ಟ ಚಪ್ಪಲಿ. ಫೋನಿನಲ್ಲಿ ಹೇಳಿದರೆ ನೀನು "ಆಯ್ತು ಮಾವ, ಆಯ್ತು" ಅಂತ ಮಾತು ಮುಗಿಸುತ್ತೀಯ. ಅದಕ್ಕೇ ಪತ್ರ.

ಮೊದಲು ನನ್ನ ಕಥೆ ಕೇಳು. ನಾನು ಇಂಥ ಒಲೆ ತಂದ ಮೊದಲ ಬೇಸಿಗೆ. ಹಿತ್ತಲಲ್ಲಿ ಕನ್ನಡದವರು ನಾಲ್ಕೈದು ಮನೆಯವರು ಸೇರಿದ್ದೆವು. ನಾನು ಉರಿ ಸಣ್ಣ ಮಾಡಿ, ಬಾಣಲೆ ಪಕ್ಕಕ್ಕಿಟ್ಟು, ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚುತ್ತಾ ನಿಂತೆ. ಯಾರೋ ಊರಿನ ರಾಜಕೀಯ ತೆಗೆದರು, ನಾನೂ ಬಾಯಿ ಹಾಕಿದೆ. ತಿರುಗಿ ನೋಡಿದರೆ ಉರಿ ಇಲ್ಲ. ಗಾಳಿಗೆ ಆರಿಹೋಗಿತ್ತು. ಯಾವಾಗ ಆರಿತ್ತೋ ದೇವರೇ ಬಲ್ಲ. ಒಂದು ಕ್ಷಣವೂ ಯೋಚಿಸದೆ ಲೈಟರ್ ಒತ್ತಿದೆ. ಭುಗ್ ಅಂತ ಒಂದು ನೀಲಿ ಉಂಡೆ ಎದ್ದು ಮುಖಕ್ಕೆ ಬಂತು. ಎರಡು ಹುಬ್ಬು, ಬಲಗೈಯ ಕೂದಲು ಅಷ್ಟೂ ಹೋಯಿತು. ಸುಟ್ಟ ಕೂದಲಿನ ವಾಸನೆ ಎರಡು ದಿನ ಮೂಗಲ್ಲೇ ಇತ್ತು. ಹುಬ್ಬು ಬೆಳೆಯಿತು ಬಿಡು. ಆದರೆ ಒಬ್ಬರ ಮಗಳು, 4 ವರ್ಷದ ಕೂಸು, ಆಗ ತಾನೇ ನನ್ನ ಪಕ್ಕದಿಂದ ಎದ್ದು ಹೋಗಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಏನಾಗಿತ್ತು ಗೊತ್ತಾ? ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ನನ್ನ ಒಲೆಯ ಸುತ್ತ ಗಾಳಿಗೆ ಅಡ್ಡವಾಗಿ ತಗಡು ಕಟ್ಟಿದ್ದೆ, ಬುದ್ಧಿವಂತ ನಾನು! ಅದರೊಳಗೆ ಗ್ಯಾಸ್ ಬಾವಿಯ ಹಾಗೆ ತುಂಬಿಕೊಂಡಿತ್ತು. ಈಗ ಮನೆಯೊಳಗಿನ ಎಷ್ಟೋ ಒಲೆಗಳಲ್ಲಿ ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ಏರ್ಪಾಡು ಇರುತ್ತದೆ. ಈ ಹಿತ್ತಲಿನ ಒಲೆಗಳಲ್ಲಿ ಬಹಳಷ್ಟಕ್ಕೆ ಅದಿಲ್ಲ. ಉರಿ ಆರಿತಾ, ಸಿಲಿಂಡರ್ ಬಂದ್ ಮಾಡು. ದೂರ ಹೋಗಿ 5 ನಿಮಿಷ ನಿಲ್ಲು. ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಹೊತ್ತಿಸು.

ಅದಕ್ಕೇ ನನ್ನದು ಒಂದೇ ಹಟ. ಈ ಒಲೆ ಉರಿಯುತ್ತಿರುವಷ್ಟು ಹೊತ್ತು ಅದರ ಮುಂದಿನಿಂದ ಕಾಲು ಕದಲಿಸಬಾರದು. ಸೋಯಾ ಸಾಸ್ ಒಳಗಿದೆ, ಮಗು ಅತ್ತಿತು, ಅಮ್ಮನ ಫೋನ್ ಬಂತು, ಏನೇ ಇರಲಿ. ಹೋಗಲೇಬೇಕು ಅಂದರೆ ಗ್ಯಾಸ್ ಬಂದ್ ಮಾಡಿ ಹೋಗು.

ಅಡುಗೆಗೂ ಅದೇ ಸರಿ, ನೋಡು. ಮನೆಯೊಳಗಿನ ಒಲೆಯ ಒಂದು ಬರ್ನರ್ ಸಾಮಾನ್ಯವಾಗಿ 10–15 ಸಾವಿರ ಬಿಟಿಯು, ಅಂದರೆ ಗಂಟೆಗೆ ಕೊಡುವ ಶಾಖದ ಲೆಕ್ಕ. ನೀನು ತಂದಿರುವಂಥದ್ದು 1 ಲಕ್ಷದ ಆಸುಪಾಸು. ಕ್ಯಾಂಟನ್ ಕಡೆಯ ಚೀನೀಯರು ಇಂಥ ಉರಿಯಲ್ಲಿ ಹುಟ್ಟುವ ಹೊಗೆಗಂಪಿಗೆ 'ವೋಕ್ ಹೇ' ಅನ್ನುತ್ತಾರೆ, ಬಾಣಲೆಯ ಉಸಿರು ಅಂತ. ತರಕಾರಿಯ ನೀರು ಬಾಣಲೆಗೆ ತಾಗಿದ ಕೂಡಲೇ ಆವಿಯಾಗಬೇಕು, ಬೇಯಬಾರದು, ಗರಿಯಾಗಬೇಕು. ಎಲ್ಲ ಸೇರಿ 3–4 ನಿಮಿಷದ ಕೆಲಸ. ಆ 4 ನಿಮಿಷದಲ್ಲಿ ಬೆಳ್ಳುಳ್ಳಿ ಹುಡುಕುತ್ತಾ ಹೋದರೆ ಬಾಣಲೆಯಲ್ಲಿರುವುದು ಇದ್ದಿಲು. ಊರಲ್ಲಿ ಮದುವೆ ಅಡುಗೆಯ ಭಟ್ಟರನ್ನು ನೆನೆಸಿಕೋ. ಹೆಚ್ಚಿದ ಕಾಯಿ, ಉಪ್ಪು, ಒಗ್ಗರಣೆ ಸಾಮಾನು, ಜಾಲರಿ ಸೌಟು, ಇಳಿಸುವ ಬಟ್ಟೆ, ಎಲ್ಲ ಸುತ್ತ ಜೋಡಿಸಿದ ಮೇಲೆಯೇ ಒಲೆಗೆ ಬೆಂಕಿ. ಮಕ್ಕಳು ಒಲೆಯ ಹತ್ತಿರ ಸುಳಿದರೆ ಬೈಗುಳ. ನೀನೂ ಒಂದು ಮೇಜು ಹಾಕಿಕೋ. ಗೋಬಿ, ಸಾಸ್, ಕಾರ್ನ್‌ಫ್ಲೋರ್ ನೀರು, ಕರಿಬೇವು, ಬಡಿಸುವ ತಟ್ಟೆಯವರೆಗೂ ಎಲ್ಲ ಕೈಗೆ ಸಿಗುವ ಹಾಗಿರಲಿ.

ಮಧ್ಯೆ ಒಂದು ಮಾತು. ಗೋಬಿಗೆ ಆ ಕೆಂಪು ಬಣ್ಣ ಹಾಕಬೇಡ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವೇ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಅಂತ ನಿಷೇಧ ಮಾಡಿತು. ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕು, ಬಣ್ಣ ತಾನಾಗಿ ಬರುತ್ತದೆ.

ಈಗ ಜಾಗ. ಒಲೆಯನ್ನು ಡೆಕ್‌ನಿಂದ ಇಳಿಸು. ಹುಲ್ಲಿನ ಮೇಲೂ ಬೇಡ, ನಿಮ್ಮ ಟೆಕ್ಸಾಸ್ ಆಗಸ್ಟ್‌ನಲ್ಲಿ ಹುಲ್ಲು ಅಂದರೆ ಒಣ ದರ್ಭೆ. ಗಟ್ಟಿ ಸಮತಟ್ಟು ನೆಲ, ಮೇಲೆ ಸೂರಿಲ್ಲದ ಜಾಗ, ಮನೆಗೂ ಮರದ ಬೇಲಿಗೂ 10 ಅಡಿ ದೂರ. ಇಲ್ಲಿ ನಮ್ಮ ಬೀದಿಯಲ್ಲೇ ಒಬ್ಬರು ಗೋಡೆಗೆ ಹತ್ತಿರ ಗ್ರಿಲ್ (ಸುಟ್ಟು ತಿನ್ನುವ ಒಲೆ) ಇಟ್ಟು, ಗೋಡೆಯ ಪ್ಲಾಸ್ಟಿಕ್ ಹೊದಿಕೆ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಮಳೆ ಬಂತು ಅಂತ ಗ್ಯಾರೇಜಿನೊಳಗೆ ತಳ್ಳಿ, ಬಾಗಿಲು ತೆಗೆದಿಟ್ಟರೆ ಸಾಕಲ್ವಾ ಅನ್ನಬೇಡ. ಸಾಲದು. ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ. ಮಳೆ ಬಂದರೆ ಅವತ್ತು ಚಿತ್ರಾನ್ನ ಮಾಡು.

ಸಿಲಿಂಡರ್ ಅನ್ನು ಪೈಪ್ ಎಷ್ಟು ಉದ್ದ ಇದೆಯೋ ಅಷ್ಟು ದೂರ ಇಡು, ನೆಟ್ಟಗೆ ನಿಲ್ಲಿಸಿ. ಪೈಪ್ ಯಾರ ಕಾಲಿಗೂ ತೊಡರಬಾರದು. ಸಿಲಿಂಡರಿನ ಕುತ್ತಿಗೆಯ ತಗಡನ್ನು ಒಮ್ಮೆ ಓದು. 'ಟಿಡಬ್ಲ್ಯೂ' ಅಂತ ಇದ್ದು ಮುಂದೆ 17ರ ಆಸುಪಾಸಿನ ಒಂದು ಸಂಖ್ಯೆ ಇರುತ್ತದೆ. ಖಾಲಿ ಸಿಲಿಂಡರಿನ ತೂಕ ಅದು, ಪೌಂಡಿನಲ್ಲಿ. ಬಚ್ಚಲ ಮನೆಯ ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು ಅಷ್ಟನ್ನು ಕಳೆ. ಉಳಿದದ್ದೇ ಗ್ಯಾಸ್. ತುಂಬಿದ್ದರೆ 20 ಪೌಂಡ್ ಹತ್ತಿರ, 1 ಲಕ್ಷ ಬಿಟಿಯು ಉರಿಯಲ್ಲಿ ಸುಮಾರು 4 ಗಂಟೆ. ನಮ್ಮೂರಿನ 14.2 ಕೆಜಿ ಸಿಲಿಂಡರ್ ತಿಂಗಳು ಬರುತ್ತಿತ್ತು, ಇದು ಒಂದೆರಡು ಪಾರ್ಟಿಗೇ ಮುಗಿಯುತ್ತದೆ! ಪಕ್ಕದಲ್ಲೇ ತಯಾರಾದ ತಿಂಗಳು, ವರ್ಷವೂ ಇರುತ್ತದೆ. 12 ವರ್ಷ ದಾಟಿದ್ದನ್ನು ಮತ್ತೆ ಪರೀಕ್ಷೆ ಮಾಡಿಸದೆ ತುಂಬಿಸುವಂತಿಲ್ಲ.

ಜಾಸ್ತಿ ಹೊತ್ತು ಜೋರಾಗಿ ಉರಿಸಿದರೆ ಸಿಲಿಂಡರಿನ ಮೈ ಬೆವರುತ್ತದೆ, ಕೆಲವು ಸಲ ಹಿಮ ಕಟ್ಟುತ್ತದೆ, ಉರಿಯೂ ಸಣ್ಣಗಾಗುತ್ತದೆ. ಹೆದರಬೇಡ. ಒಳಗಿನ ದ್ರವ ಗ್ಯಾಸ್ ಆಗುವಾಗ ಶಾಖ ಹೀರಿಕೊಳ್ಳುತ್ತದೆ, ಅಷ್ಟೇ. ಉರಿ ಕಡಿಮೆ ಮಾಡಿ ಸ್ವಲ್ಪ ಬಿಡುವು ಕೊಡು. ಬೆಚ್ಚಗಾಗಲಿ ಅಂತ ಸಿಲಿಂಡರನ್ನು ಒಲೆ ಹತ್ತಿರ ಎಳೆಯುವ ಮಹಾನುಭಾವರೂ ಇದ್ದಾರೆ. ನೀನು ಆ ಸಾಲಿಗೆ ಸೇರಬೇಡ.

ರೆಗ್ಯುಲೇಟರ್ ವಿಷಯ. ಗ್ರಿಲ್‌ನದು ಅರ್ಧ ಪಿಎಸ್‌ಐ ಕೂಡ ಒತ್ತಡ ಕೊಡುವುದಿಲ್ಲ. ನಿನ್ನ ಒಲೆಯ ಕೆಂಪು ತಿರುಪಿನದು 10, 20, ಕೆಲವು 30 ಪಿಎಸ್‌ಐವರೆಗೂ ಹೋಗುತ್ತವೆ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಬಾರದು. ಪೈಪೂ ಒಲೆಯ ಜೊತೆ ಬಂದದ್ದೇ ಇರಲಿ. ಹಾಳಾದರೆ ಟೇಪ್ ಸುತ್ತಬೇಡ, ಅದೇ ಒತ್ತಡ ತಡೆಯುವ ಹೊಸದನ್ನು ತಗೋ. ಇಲ್ಲಿನ ಅಳಿಲುಗಳು ರಬ್ಬರ್ ಕಡಿಯುತ್ತವೆ. ಪ್ರತಿ ಸಲ ಪೈಪನ್ನು ಬಗ್ಗಿಸಿ ಬೆರಳಾಡಿಸಿ ನೋಡು.

ಸಿಲಿಂಡರ್ ಬದಲಿಸಿದಾಗಲೆಲ್ಲ ಸೋಪು ನೀರಿನ ಪರೀಕ್ಷೆ ಆಗಲೇಬೇಕು. ಪಾತ್ರೆ ತೊಳೆಯುವ ಸೋಪಿಗೆ ಅಷ್ಟೇ ನೀರು ಬೆರೆಸಿ, ಒಲೆಯ ತಿರುಪು ಮುಚ್ಚಿ, ಸಿಲಿಂಡರ್ ತೆರೆದು, ಪ್ರತಿ ಜೋಡಣೆಗೂ ಬ್ರಷ್‌ನಲ್ಲಿ ಹಚ್ಚು. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬರು ಕಡ್ಡಿ ಗೀರಿ ಲೀಕ್ ನೋಡುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ ಅನ್ನುವುದು ಬರೀ ಅದೃಷ್ಟ.

ಹೊತ್ತಿಸುವ ಕ್ರಮ ಹೀಗೆ. ಒಲೆಯ ತಿರುಪು ಮುಚ್ಚಿರಲಿ. ಸಿಲಿಂಡರನ್ನು ನಿಧಾನಕ್ಕೆ ತೆರೆ. ಟಕ್ ಅಂತ ತಿರುಗಿಸಿದರೆ ಒಳಗಿನ ಸುರಕ್ಷಾ ಕವಾಟ ಎಲ್ಲೋ ಪೈಪ್ ಕಿತ್ತಿದೆ ಅಂದುಕೊಂಡು ಗ್ಯಾಸ್ ತಡೆಯುತ್ತದೆ. ಆಮೇಲೆ ಉರಿಯೇ ಬರಲ್ಲ, ಒಲೆ ಕೆಟ್ಟಿದೆ ಅಂತ ನೀನು ಅಂಗಡಿಗೆ ಓಡುತ್ತೀಯ. ಹಾಗಾದರೆ ಎಲ್ಲ ಮುಚ್ಚಿ, ಬಿಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ಜೋಡಿಸು. ಉದ್ದನೆಯ ಲೈಟರ್ ಹೊತ್ತಿಸಿ ಬರ್ನರ್ ಹತ್ತಿರ ಹಿಡಿ, ಮುಖ ಹಿಂದಿರಲಿ, ಆಮೇಲೆ ಗ್ಯಾಸ್ ಬಿಡು. ಮೊದಲು ಬೆಂಕಿ, ಆಮೇಲೆ ಗ್ಯಾಸ್. ಆರಿಸುವಾಗ ಮೊದಲು ಸಿಲಿಂಡರ್ ಮುಚ್ಚು. ಪೈಪಿನಲ್ಲಿ ಉಳಿದದ್ದು ಉರಿದು ಮುಗಿಯಲಿ, ಕೊನೆಗೆ ಒಲೆಯ ತಿರುಪು.

ಉರಿ ನೀಲಿ ಇರಬೇಕು. ಅಜ್ಜಿಯ ಪಂಪ್ ಸ್ಟೋವ್ ನಿನಗೆ ನೆನಪಿರಲಿಕ್ಕಿಲ್ಲ. ಅದೂ ಹೀಗೇ ಭೋರ್ ಅಂತಿತ್ತು. ಹಳದಿ ಉರಿ ಬಂದು ಪಾತ್ರೆ ಕಪ್ಪಾದರೆ ಅಜ್ಜಿ ತಗಡಿನ ಪಿನ್ ಹಾಕಿ ತೂತು ಬಿಡಿಸುತ್ತಿದ್ದರು. ಇಲ್ಲಿ ಪಿನ್ ಹಾಕಬೇಡ. ನಿನ್ನ ಒಲೆಯಲ್ಲಿ ಗ್ಯಾಸ್ ಬರುವ ಹಿತ್ತಾಳೆಯ ತೂತು ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಲೆಕ್ಕ ತಪ್ಪುತ್ತದೆ. ಹಳದಿ ಕಂಡರೆ ಮೊದಲು ಗಾಳಿ ಬಿಡುವ ಬಿಲ್ಲೆಯನ್ನು ಸ್ವಲ್ಪ ತೆರೆದು ನೋಡು. ಆಗಲೂ ಸರಿ ಹೋಗದಿದ್ದರೆ ಕೊಳವೆಯೊಳಗೆ ಜೇಡರ ಬಲೆ ಇರಬಹುದು. ನಗಬೇಡ, 2011ರಲ್ಲಿ ಮಜ್ದಾ ಕಂಪನಿ ಇಂಧನ ಟ್ಯಾಂಕಿನ ಗಾಳಿ ಪೈಪಿನಲ್ಲಿ ಜೇಡ ಬಲೆ ಕಟ್ಟುತ್ತದೆ ಅಂತ ಸಾವಿರಾರು ಕಾರು ವಾಪಸ್ ಕರೆಸಿತ್ತು. ಬಲೆ ಅಡ್ಡ ಇದ್ದರೆ ಗ್ಯಾಸ್ ಹಿಂದಕ್ಕೆ ಬಂದು ಕೊಳವೆಯ ಬಾಯಲ್ಲೇ ಹೊತ್ತಿಕೊಳ್ಳುತ್ತದೆ. ಚಳಿಗಾಲ ಮುಗಿದ ಮೇಲೆ ಮೊದಲ ಸಲ ತೆಗೆಯುವಾಗ ಬಾಟಲಿ ಬ್ರಷ್ ಹಾಕಿ ಒಳಗೆಲ್ಲ ತಿಕ್ಕು.

ಉಳಿದ ಆರೈಕೆ ಸುಲಭ. ತಣ್ಣಗಾದ ಮೇಲೆ ಚೆಲ್ಲಿದ್ದನ್ನು ಕೆರೆದು, ಬರ್ನರ್‌ನ ಕಬ್ಬಿಣಕ್ಕೆ ದೋಸೆಕಲ್ಲಿಗೆ ಹಚ್ಚುವಷ್ಟು ಎಣ್ಣೆ ಒರೆಸು. ಸಿಲಿಂಡರ್ ಬಿಚ್ಚಿ ಹೊರಗೇ ನೆರಳಲ್ಲಿಡು. ಬೇಸ್‌ಮೆಂಟ್, ಗ್ಯಾರೇಜ್, ಕಾರಿನ ಡಿಕ್ಕಿ ಯಾವುದೂ ಬೇಡ. ತುಂಬಿಸಿಕೊಂಡು ಬರುವಾಗ ದಾರಿಯಲ್ಲಿ ತರಕಾರಿ ಅಂಗಡಿಗೆ ಅಂತ ನಿಲ್ಲಬೇಡ, ನೇರ ಮನೆಗೆ.

ಇನ್ನು ಎಣ್ಣೆ. ನಿಜವಾದ ಭಯ ಇರುವುದು ಇಲ್ಲಿ. ಅಮೆರಿಕದಲ್ಲಿ ಅಡುಗೆ ಬೆಂಕಿ ಅತಿ ಹೆಚ್ಚು ಆಗುವ ದಿನ ಥ್ಯಾಂಕ್ಸ್‌ಗಿವಿಂಗ್. ಇಂಥದ್ದೇ ಒಲೆಯ ಮೇಲೆ ಹಂಡೆ ತುಂಬ ಎಣ್ಣೆ ಕಾಯಿಸಿ, ಮಂಜುಗಟ್ಟಿದ ಟರ್ಕಿ ಕೋಳಿಯನ್ನು ಇಳಿಬಿಟ್ಟು ಮನೆ ಸುಟ್ಟುಕೊಂಡವರಿದ್ದಾರೆ. ನೀನು ಕೋಳಿ ಮುಟ್ಟದವಳು, ಸರಿ. ಆದರೆ ಫ್ರೀಜರ್‌ನ ಗೋಬಿಯೂ ಅದೇ ಕೆಲಸ ಮಾಡುತ್ತದೆ. ತೊಳೆದ ಗೋಬಿಯನ್ನು ಬಟ್ಟೆ ಮೇಲೆ ಹರಡಿ ಒಣಗಿಸು. ಎಣ್ಣೆ ಬಾಣಲೆಯ ಮೂರರಲ್ಲಿ ಒಂದು ಪಾಲು ಸಾಕು. ಹೊಗೆ ಎದ್ದಿತೆಂದರೆ ಎಣ್ಣೆ ನಿನಗೆ ಎಚ್ಚರಿಕೆ ಕೊಡುತ್ತಿದೆ. ತಕ್ಷಣ ಉರಿ ಇಳಿಸು. ಈ ಉರಿಯಲ್ಲಿ ಹೊಗೆಗೂ ಬೆಂಕಿಗೂ ನಡುವೆ ಜಾಸ್ತಿ ಹೊತ್ತು ಸಿಗುವುದಿಲ್ಲ.

ಹೊತ್ತಿಕೊಂಡೇ ಬಿಟ್ಟರೆ ಸಿಲಿಂಡರ್ ಬಂದ್ ಮಾಡು, ಬಾಣಲೆಗೆ ಮುಚ್ಚಳ ಸರಿಸಿ ಹಾಕು, ಹಿಂದೆ ಸರಿ. ನೀರು ಒಂದು ಲೋಟವೂ ಬೇಡ. ನೀರು ಎಣ್ಣೆಯ ಕೆಳಗಿಳಿದು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನೆಲ್ಲ ಮೇಲಕ್ಕೆ ಎರಚುತ್ತದೆ. ಬಾಣಲೆಯನ್ನು ಎತ್ತಿಕೊಂಡು ಓಡಬೇಡ. ಮುಚ್ಚಳವನ್ನು ತಣ್ಣಗಾಗುವ ಮುಂಚೆ ತೆಗೆದು ಇಣುಕಬೇಡ. ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರ್ ಒಂದು ಮೇಜಿನ ಹತ್ತಿರವಿರಲಿ. ಅದನ್ನು ದೂರದಿಂದ ಹೊಡೆಯಬೇಕು, ಹತ್ತಿರದಿಂದ ಹೊಡೆದರೆ ಎಣ್ಣೆಯೇ ಚಿಮ್ಮುತ್ತದೆ. ಕೈ ಮೀರಿದರೆ ಎಲ್ಲರೂ ದೂರ ಹೋಗಿ, ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ.

ಚೂರು ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿ. ಟೂತ್‌ಪೇಸ್ಟ್, ಮಸಿ, ದೋಸೆ ಹಿಟ್ಟು, ಐಸ್ ಯಾವುದನ್ನೂ ಹಚ್ಚಬೇಡ, ಅಮ್ಮ ಎಷ್ಟೇ ಒತ್ತಾಯ ಮಾಡಿದರೂ. ಅಂದಹಾಗೆ, ಫೋಟೋದಲ್ಲಿ ನೀನು ದುಪಟ್ಟಾ ಹಾಕಿ ಬರಿಗಾಲಲ್ಲಿ ನಿಂತಿದ್ದೆ. ಹತ್ತಿಯ ಬಟ್ಟೆ, ಕಾಲಿಗೆ ಮುಚ್ಚಿದ ಶೂ. ಮಗುವಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆದುಕೊಡು, ಲಕ್ಷ್ಮಣರೇಖೆ ಅಂತ ಹೇಳು. ಆ ವಯಸ್ಸಿಗೆ ಅದು ಆಟ. ಆದರೂ ಒಬ್ಬ ದೊಡ್ಡವರು ಅವನ ಜೊತೆಗೇ ಇರಬೇಕು, ನಿನ್ನ ಗಂಡ ಬರೀ ತಟ್ಟೆ ಹಿಡಿದು ಕಾಯುವುದು ಬೇಡ.

ನಿನ್ನದು 14 ಇಂಚಿನ ಬಾಣಲೆ ಅಂತ ನಿನ್ನ ಅತ್ತೆಗೆ ಹೇಳಿದ್ದೆಯಂತೆ. ಫೋಟೋದಲ್ಲಿ ಎಲ್ಲೂ ಮುಚ್ಚಳ ಕಾಣಲಿಲ್ಲ. ಅದರೊಟ್ಟಿಗೆ ಬಂದಿಲ್ಲ ಅನ್ನಿಸುತ್ತದೆ. ಇವತ್ತು ಒಂದು ಸ್ಟೀಲ್ ಮುಚ್ಚಳ ಪಾರ್ಸೆಲ್ ಮಾಡಿದ್ದೇನೆ, ಜೊತೆಗೆ ಅತ್ತೆ ಮಾಡಿದ ಚಟ್ನಿಪುಡಿ. ಶುಕ್ರವಾರ ತಲುಪಬೇಕು. ಅದು ಬರುವವರೆಗೆ ಒಲೆ ಹೊತ್ತಿಸಬೇಡ. ಬಂದ ಮೇಲೆ ಬಾಣಲೆ ಮೇಲಿಟ್ಟು ಸರಿಯಾಗಿ ಕೂರುತ್ತಾ ಅಂತ ನೋಡಿ, ಒಲೆಯ ಹೊಸ ಜಾಗದ ಫೋಟೋ ಜೊತೆ ತಿಳಿಸು.

ಇಂತಿ ನಿನ್ನ ಪ್ರೀತಿಯ,
ಮಾವ