ದಿಲ್ಲಿಗೆ ಬರೆದ ಮನವಿ, ಬೆಂಗಳೂರಿನ ಬಾಬತ್ತು

ಮಾನ್ಯ ಸಂಪಾದಕರೇ,

ಆಳಂದ ತಾಲ್ಲೂಕಿನ ಒಂದು ಊರಿನ ಜನರು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯರನ್ನು ನೇಮಿಸಬೇಕೆಂದು ಕೇಂದ್ರ ಆರೋಗ್ಯ ಸಚಿವರಿಗೆ ತಹಶೀಲ್ದಾರರ ಮೂಲಕ ಮನವಿ ಸಲ್ಲಿಸಿದ ಸುದ್ದಿ ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿತ್ತು. ಬೇಡಿಕೆ ನ್ಯಾಯವಾದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಾಲ್ಲೂಕು ಆರೋಗ್ಯ ಕಚೇರಿಯೊಂದರಲ್ಲಿ ಕುಳಿತು ಇಂಥ ಮನವಿಗಳಿಗೆ ವರ್ಷಗಟ್ಟಲೆ ಆವಕ ಸಂಖ್ಯೆ ಹಾಕಿದವನಿಗೆ ಆ ಕಾಗದದ ಮುಂದಿನ ಹಾದಿ ಗೊತ್ತು. ಅದು ದಿಲ್ಲಿಗೆ ಹೋಗಿ, ರಾಜ್ಯಕ್ಕೆ ಸಂಬಂಧಿಸಿದ ವಿಷಯವೆಂಬ ಒಂದು ಸಾಲಿನ ಷರಾ ಹೊತ್ತು ಬೆಂಗಳೂರಿಗೆ ಮರಳಿ, ಅಲ್ಲಿಂದ ಜಿಲ್ಲೆಗೆ ಇಳಿದು, ಕೊನೆಗೆ ‘ವರದಿ ಸಲ್ಲಿಸಿ’ ಎಂಬ ಸೂಚನೆಯಾಗಿ ಅದೇ ತಾಲ್ಲೂಕು ಕಚೇರಿಯ ಮೇಜಿಗೆ ಬಂದು ಬೀಳುತ್ತದೆ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ಔಷಧಾಲಯಗಳನ್ನು ರಾಜ್ಯ ಪಟ್ಟಿಗೆ ಸೇರಿಸಲಾಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಾಯಂ ವೈದ್ಯರ ನೇಮಕ, ವರ್ಗಾವಣೆ ಎರಡೂ ರಾಜ್ಯದ ಕೈಯಲ್ಲಿವೆ. ಕುಟುಂಬ ಯೋಜನೆ, ಔಷಧ, ವೈದ್ಯಕೀಯ ವೃತ್ತಿ, ರಾಜ್ಯದಿಂದ ರಾಜ್ಯಕ್ಕೆ ಹರಡುವ ರೋಗಗಳ ತಡೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಹೀಗಾಗಿ ದಿಲ್ಲಿಯ ಸಚಿವಾಲಯವು ಏಮ್ಸ್, ಸಫ್ದರ್‌ಜಂಗ್, ಪುದುಚೇರಿಯ ಜಿಪ್ಮರ್‌ನಂಥ ಕೆಲವು ಸಂಸ್ಥೆಗಳನ್ನು ಬಿಟ್ಟರೆ ತಾನೇ ಆಸ್ಪತ್ರೆ ನಡೆಸುವುದು ಕಡಿಮೆ. ನೀತಿ ರೂಪಿಸುವುದು, ಮಾನದಂಡ ಕಟ್ಟುವುದು, ಹಣ ಕೊಡುವುದು, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಅದರ ಮುಖ್ಯ ಕೆಲಸ.

ಆ ಸಚಿವಾಲಯದಲ್ಲಿ ಈಗ ಎರಡು ಇಲಾಖೆಗಳಿವೆ. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ದೊಡ್ಡದು; 2007ರಲ್ಲಿ ಹುಟ್ಟಿದ ಆರೋಗ್ಯ ಸಂಶೋಧನಾ ಇಲಾಖೆ ಚಿಕ್ಕದು. 2025-26ರ ಬಜೆಟ್ಟಿನಲ್ಲಿ ಎರಡಕ್ಕೂ ಸೇರಿ ಇಟ್ಟ ಸುಮಾರು 99,859 ಕೋಟಿ ರೂಪಾಯಿಯಲ್ಲಿ ಸಂಶೋಧನೆಯ ಪಾಲು 3,901 ಕೋಟಿ. 1911ರಷ್ಟು ಹಳೆಯದಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈ ಚಿಕ್ಕ ಇಲಾಖೆಯ ಕೆಳಗೇ ಬರುತ್ತದೆ. ದೊಡ್ಡ ಇಲಾಖೆಯಲ್ಲಿ ಐಎಎಸ್ ಕಾರ್ಯದರ್ಶಿಯವರು ಆಡಳಿತ ನೋಡಿದರೆ, ವೈದ್ಯಕೀಯ ಸಲಹೆಗೆ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವಿದೆ. ಆಯುರ್ವೇದ, ಯೋಗ, ಹೋಮಿಯೋಪಥಿಯಂಥ ಪದ್ಧತಿಗಳನ್ನು ನೋಡುವ ಆಯುಷ್ 2014ರಲ್ಲಿಯೇ ಪ್ರತ್ಯೇಕ ಸಚಿವಾಲಯವಾಗಿ ಹೊರಬಿತ್ತು.

ಹೊರಗಿನಿಂದ ನೋಡುವವರಿಗೆ ಇದೆಲ್ಲ ಒಂದೇ ‘ಆರೋಗ್ಯ ಇಲಾಖೆ’. ಕಲಬುರಗಿಯ ಸೇಡಂ ರಸ್ತೆಯ, ಕಾರ್ಮಿಕರ ವಿಮೆಯ ದೊಡ್ಡ ಇಎಸ್‌ಐ ಆಸ್ಪತ್ರೆ ಕೇಂದ್ರದ್ದೇ ಹೌದು, ಆದರೆ ಆರೋಗ್ಯ ಸಚಿವಾಲಯದ್ದಲ್ಲ, ಕಾರ್ಮಿಕ ಸಚಿವಾಲಯದ ಕೆಳಗಿನದು. ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಸಂಸ್ಥೆ ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ಅಲ್ಲಿ ಎಷ್ಟು ಸೀಟು ಇರಬೇಕೆಂಬುದನ್ನು ಮಾತ್ರ 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ನೋಡುತ್ತದೆ. ಇನ್ನು ಒಬ್ಬಳೇ ಬಾಣಂತಿಯ ಕಥೆ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಹಳ್ಳಿಯ ಬಡ ತಾಯಿಗೆ ಜನನಿ ಸುರಕ್ಷಾ ಯೋಜನೆಯಡಿ ಸಿಗುವ 700 ರೂಪಾಯಿ ಆರೋಗ್ಯ ಸಚಿವಾಲಯದ್ದು. ಮೊದಲ ಮಗುವಿಗೆಂದು ಮಾತೃವಂದನಾ ಯೋಜನೆಯಡಿ ಬರುವ 5,000 ರೂಪಾಯಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. ಎರಡೂ ಬಂದಿಲ್ಲವೆಂದು ಆಕೆ ಆಶಾ ಕಾರ್ಯಕರ್ತೆಯನ್ನೇ ಕೇಳುತ್ತಾಳೆ. ಮತ್ತಾರನ್ನು ಕೇಳಬೇಕು?

ಈ ಹಂಚಿಕೆ ಪೇಪರಿನ ಮೇಲಿನ ಮಾತಲ್ಲ ಎಂಬುದನ್ನು ನಮ್ಮ ಜಿಲ್ಲೆ ಎಲ್ಲರಿಗಿಂತ ಮೊದಲು ಕಂಡಿದೆ. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್ 10ರಂದು, ಕಲಬುರಗಿಯ ವೃದ್ಧರೊಬ್ಬರದು. ಸೋಂಕು ಖಚಿತವಾದದ್ದು ಎರಡು ದಿನ ಕಳೆದ ಮೇಲೆ, ಮಾದರಿ ಬೆಂಗಳೂರಿಗೆ ಹೋಗಿ ಬಂದ ನಂತರ. ಆ ದಿನಗಳನ್ನು ಬಿಡಿಸಿ ನೋಡಿದರೆ ಸರ್ಕಾರದ ಎಷ್ಟೊಂದು ಕೈಗಳು ಕಾಣುತ್ತವೆ! ವಿಮಾನ ನಿಲ್ದಾಣದಲ್ಲಿ ವಿದೇಶದಿಂದ ಬಂದವರ ತಪಾಸಣೆ ದಿಲ್ಲಿಯ ಮಹಾನಿರ್ದೇಶನಾಲಯದ್ದು. ಮನೆಮನೆಗೆ ಹೋಗಿ ಸಂಪರ್ಕಿತರನ್ನು ಹುಡುಕಿದವರು ರಾಜ್ಯದ ಆರೋಗ್ಯ ಸಹಾಯಕರು ಮತ್ತು ಆಶಾಗಳು. ಯಾವ ಪ್ರಯೋಗಾಲಯ ಪರೀಕ್ಷೆ ನಡೆಸಬಹುದೆಂದು ಅನುಮತಿ ಕೊಡುತ್ತಿದ್ದದ್ದು ಐಸಿಎಂಆರ್. ರಾಜ್ಯ ಸರ್ಕಾರ ನಿಯಮ ಹೊರಡಿಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ. ಮುಂದೆ ದೇಶವನ್ನೇ ಮುಚ್ಚಿದ ಆದೇಶ ಬಂದದ್ದು ವಿಪತ್ತು ನಿರ್ವಹಣಾ ಕಾಯ್ದೆಯಡಿ, ಗೃಹ ಸಚಿವಾಲಯದಿಂದ. ಪರೀಕ್ಷೆಯ ಸೌಲಭ್ಯ ಕಲಬುರಗಿಯಲ್ಲಿಯೇ ಬೇಕೆಂದು ಆಗ ಕೇಳಬೇಕಾಗಿದ್ದ ದಿಲ್ಲಿಯ ಮೇಜು, ವೈದ್ಯರು ಬೇಕೆಂದು ಕೇಳಬೇಕಾದ ಬೆಂಗಳೂರಿನ ಮೇಜಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿತ್ತು.

ಹಾಗಾದರೆ ದಿಲ್ಲಿಗೆ ನಾವು ಬರೆಯುವುದೇ ಬೇಡವೇ ಎಂದರೆ, ಹಾಗಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆದ ಹೋರಾಟ ಸರಿಯಾದ ಬಾಗಿಲನ್ನೇ ತಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಜಿಲ್ಲೆಯೂ ದಿಲ್ಲಿಯೊಡನೆ ಅಧಿಕೃತವಾಗಿ ಮಾತನಾಡುವ ಹಾದಿಯೊಂದಿದೆ. ಅದನ್ನು ನಾವು ಬಳಸುತ್ತಿಲ್ಲವೆಂಬುದೇ ಈ ಪತ್ರ ಬರೆಯಲು ಕಾರಣ.

ಆ ಹಾದಿ ರಾಷ್ಟ್ರೀಯ ಆರೋಗ್ಯ ಅಭಿಯಾನ. 2005ರ ಏಪ್ರಿಲ್‌ನಲ್ಲಿ ಗ್ರಾಮೀಣ ಅಭಿಯಾನವಾಗಿ ಆರಂಭವಾಗಿ, 2013ರಲ್ಲಿ ನಗರಗಳನ್ನೂ ಸೇರಿಸಿಕೊಂಡ ಇದಕ್ಕೆ ಮೇಲೆ ಹೇಳಿದ ಬಜೆಟ್ಟಿನಲ್ಲಿ ಸುಮಾರು 37,227 ಕೋಟಿ ಇಡಲಾಗಿತ್ತು. ನಮ್ಮಂಥ ರಾಜ್ಯದಲ್ಲಿ ಖರ್ಚಿನ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಗುತ್ತಿಗೆ ಶುಶ್ರೂಷಕಿಯರು, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ಆಶಾಗಳ ಪ್ರೋತ್ಸಾಹಧನ, ಎಷ್ಟೋ ಉಪಕರಣಗಳು ಈ ಬಾಬತ್ತಿನವು. ಜಿಲ್ಲೆ ತನ್ನ ಆರೋಗ್ಯ ಕ್ರಿಯಾಯೋಜನೆಯನ್ನು ಸಿದ್ಧಪಡಿಸಿ ಬೆಂಗಳೂರಿಗೆ ಕಳುಹಿಸಬೇಕು. ಎಲ್ಲ ಜಿಲ್ಲೆಗಳದ್ದೂ ಸೇರಿ ರಾಜ್ಯದ ಯೋಜನೆಯಾಗುತ್ತದೆ. ಕಚೇರಿಯ ಮಾತಿನಲ್ಲಿ ಅದು ‘ಪಿಐಪಿ’. ದಿಲ್ಲಿಯ ಸಮಿತಿ ಅದನ್ನು ಸಾಲು ಸಾಲಾಗಿ ಪರಿಶೀಲಿಸಿ, ಇಷ್ಟಕ್ಕೆ ಒಪ್ಪಿಗೆ, ಇಷ್ಟಕ್ಕೆ ಇಲ್ಲ ಎಂದು ನಡಾವಳಿ ಹೊರಡಿಸುತ್ತದೆ. ಈಚೆಗೆ 2022-24, 2024-26 ಎಂದು ಎರಡೆರಡು ವರ್ಷಕ್ಕೆ ಒಮ್ಮೆಲೇ ಯೋಜನೆ ಮಾಡುವ ಪದ್ಧತಿ ಬಂದಿದ್ದರಿಂದ, ಒಮ್ಮೆ ಬಿಟ್ಟುಹೋದ ಬೇಡಿಕೆ ಬಹಳ ಕಾಲ ಕಾಯಬೇಕಾಗುತ್ತದೆ. ಒಪ್ಪಿಗೆಯಾದ ಹಣವೂ ನೇರ ಬರುವುದಿಲ್ಲ. 2014-15ರಿಂದ ಅದು ರಾಜ್ಯದ ಖಜಾನೆ ಹಾದು, ರಾಜ್ಯದ ಪಾಲೂ ಕೂಡಿಕೊಂಡು ಕೆಳಗಿಳಿಯಬೇಕು. ಗುತ್ತಿಗೆ ಸಿಬ್ಬಂದಿಯ ಸಂಬಳ ತಡವಾದಾಗ ಬೆಂಗಳೂರಿನವರು ದಿಲ್ಲಿಯತ್ತ, ದಿಲ್ಲಿಯವರು ಬೆಂಗಳೂರಿನತ್ತ ಬೆರಳು ತೋರುವುದಕ್ಕೆ ಅವಕಾಶವಾಗುವುದು ಇಲ್ಲಿಯೇ.

ಈ ಕ್ರಿಯಾಯೋಜನೆ ಊರಿನಿಂದ ಮೇಲಕ್ಕೆ ಬರಬೇಕೆಂಬುದು ಅಭಿಯಾನದ ಮೂಲ ಆಶಯ. ಅದಕ್ಕೆಂದೇ ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿಗಳೂ ಆರೋಗ್ಯ ರಕ್ಷಾ ಸಮಿತಿಗಳೂ ಇವೆ. ನಾನು ಕಂಡದ್ದು ಬೇರೆ. ಹಿಂದಿನ ಸಲದ ನಮೂನೆ ತೆಗೆದು, ಅಂಕಿ ಬದಲಿಸಿ, ಇಂಗ್ಲಿಷಿನಲ್ಲಿ ತುಂಬಿ, ಕೊನೆಯ ದಿನ ರಾತ್ರಿ ಕಳುಹಿಸಿದ್ದೇ ಹೆಚ್ಚು. ಆ ಪಾಪದಲ್ಲಿ ನನ್ನ ಪಾಲೂ ಇದೆ. ಟೈಪು ಮಾಡಿದವನು ನಾನೇ. ಒಮ್ಮೆ ಸಮಿತಿಯ ಸದಸ್ಯೆಯೊಬ್ಬರು ಕಚೇರಿಗೆ ಬಂದು, ‘ನಮ್ಮೂರಿಗಿ ಏನ್ ಬೇಕಂತ ಬರದೀರಿ, ಒಂದೀಟು ಓದಿ ಹೇಳ್ರಿ ಸಾಹೇಬ್ರ’ ಎಂದು ಕೇಳಿದಾಗ ಓದಿ ಹೇಳಲು ಆ ಕಡತದಲ್ಲಿ ಅವರ ಊರಿನ ಹೆಸರೇ ಇರಲಿಲ್ಲ.

ಮುಂದಿನ ಕ್ರಿಯಾಯೋಜನೆಯನ್ನು ಕಳುಹಿಸುವ ಮೊದಲು ಅದರ ಕನ್ನಡ ಪ್ರತಿಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಚನಾ ಫಲಕಕ್ಕೆ ಹಚ್ಚಬೇಕು, ಗ್ರಾಮಸಭೆಯಲ್ಲಿ ಓದಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಜಿಲ್ಲಾಡಳಿತ ಮನಸ್ಸು ಮಾಡಿದರೆ ಸಾಕು. ಒಪ್ಪಿಗೆಯಾಗಿ ಬಂದ ನಡಾವಳಿಯಲ್ಲಿ ನಮ್ಮ ಜಿಲ್ಲೆಯ ಪಾಲಿಗೆ ಬಂದ ಸಾಲುಗಳನ್ನು ತಮ್ಮ ಪತ್ರಿಕೆ ಕನ್ನಡದಲ್ಲಿ ಪ್ರಕಟಿಸಬೇಕೆಂದೂ ಕೋರುತ್ತೇನೆ. ಅರ್ಧ ಪುಟ ಸಾಕಾದೀತು. ವೈದ್ಯರನ್ನು ಕೇಳಿದ ಊರಿನವರು ಮೊದಲು ಆ ಹುದ್ದೆ ಕಾಯಂ ಹುದ್ದೆಯೋ ಅಭಿಯಾನದ ಗುತ್ತಿಗೆ ಹುದ್ದೆಯೋ ಎಂದು ತಾಲ್ಲೂಕು ಆರೋಗ್ಯಾಧಿಕಾರಿಯವರಿಂದ ಲಿಖಿತವಾಗಿ ಪಡೆಯಲಿ. ಕಾಯಂ ಹುದ್ದೆಯಾದರೆ ಮನವಿಯ ಇನ್ನೊಂದು ಪ್ರತಿಯನ್ನು ಬೆಂಗಳೂರಿನ ಮಾಗಡಿ ರಸ್ತೆಯ ಆರೋಗ್ಯ ಸೌಧಕ್ಕೆ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಆಯುಕ್ತರ ಹೆಸರಿಗೆ ಇಂದೇ ಅಂಚೆಗೆ ಹಾಕಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕ,
ಆಳಂದ, ಕಲಬುರಗಿ ಜಿಲ್ಲೆ